ಯಾರೂ ಇಲ್ಲದ ಕಡೆಯಿಂದ ಬರುವ ಮಾತು
(ಚಿತ್ತವಿಕಲತೆಯ ರೋಗಿಗಳಿಗೆ ಕೇಳಿಸುವ ದನಿಗಳನ್ನು ಕುರಿತು ಒಂದು ಪಾಠ)



ಈ ಪುಟದಲ್ಲಿ ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ಬೆಳೆಗೆ ಬೀಳುವ ರೋಗ ಮುಂತಾದವನ್ನು ಕುರಿತು ಬರೆಯುತ್ತ ಬಂದಿದ್ದೇನೆ. ಈ ಸಲ ಮನುಷ್ಯನಿಗೆ ಬರುವ ಒಂದು ರೋಗದ ವಿಷಯ ಬರೆಯುತ್ತೇನೆ. ನಾನು ವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದ ಗ್ರಾಮಸೇವಕ. ಆದರೂ ಬರೆಯಲು ಒಂದು ಕಾರಣವುಂಟು.

ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ಒಬ್ಬ ರೈತರ ಮಗ ಇದ್ದಾನೆ. ಇಪ್ಪತ್ತೆರಡು ವರ್ಷದ ಹುಡುಗ, ಒಳ್ಳೆಯ ಕೆಲಸಗಾರ. ಅವನು ನಾಟಿಗೆ ನಿಂತರೆ ಸಾಲು ನೂಲು ಹಿಡಿದಂತೆ ಇರುತ್ತಿತ್ತು. ಒಂದು ಮುಂಗಾರಿನಲ್ಲಿ ಹುಡುಗ ಬದಲಾದ. ಉಳುತ್ತ ಉಳುತ್ತ ನಡುವೆ ನಿಂತುಬಿಡುತ್ತಿದ್ದ. ಬದುವಿನ ಮೇಲೆ ಒಬ್ಬನೇ ಕುಳಿತು ಯಾರಿಗೋ ಉತ್ತರ ಕೊಡುತ್ತಿದ್ದ. ಕಿವಿಗೆ ಅರಳೆ ತುರುಕಿಕೊಂಡು ಓಡಾಡುತ್ತಿದ್ದ. ರಾತ್ರಿ ನಿದ್ರೆ ಇಲ್ಲ, ಹಗಲು ಸ್ನಾನವಿಲ್ಲ. ಗಾಳಿ ಸೋಕಿದೆ ಎಂದು ಕೆಲವರು ಹೇಳಿದರು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಇನ್ನು ಕೆಲವರು ಹೇಳಿದರು. ನಾನೂ ಸುಮ್ಮನಿರಲಿಲ್ಲ. "ಅಲ್ಲಿ ಯಾರಿದ್ದಾರೆ ಅಂತ ಮಾತಾಡ್ತೀಯಪ್ಪ? ಮೈಗಳ್ಳತನಕ್ಕೆ ಇದೊಂದು ನೆವ" ಎಂದು ನಾಲ್ಕು ಜನರ ಎದುರಿಗೆ ಗದರಿಸಿದೆ.

ಒಂದು ವರ್ಷ ಹೀಗೆಯೇ ಕಳೆಯಿತು. ಒಂದು ಸಂಜೆ ಆ ಹುಡುಗ ಕೊಟ್ಟಿಗೆಯ ಅಟ್ಟದ ಮೇಲಿದ್ದ ಕೀಟನಾಶಕದ ಡಬ್ಬವನ್ನು ಇಳಿಸಿ ಮುಚ್ಚಳ ಬಿಚ್ಚಿದ್ದ. ಹಾಲು ಕರೆಯಲು ಬಂದ ತಾಯಿ ಕಂಡು ಕೈಯಿಂದ ಕಿತ್ತುಕೊಂಡರು. ಆ ಮೇಲೆಯೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಈಗ ಗುಳಿಗೆ ತೆಗೆದುಕೊಂಡು ಮನೆಯ ಬೇಸಾಯದಲ್ಲಿ ಕೈಗೂಡಿಸುತ್ತಿದ್ದಾನೆ. ಸ್ವಲ್ಪ ಗುಣವಾದ ಮೇಲೆ ಒಂದು ದಿನ ನನಗೆ ಹೀಗೆಂದ: "ಸಾರ್, ಅಲ್ಲಿ ಯಾರೂ ಇಲ್ಲ ಅಂತ ನೀವು ಅವತ್ತು ಅಂದ್ರಿ. ನಿಮ್ಮ ಮಾತು ನನಗೆ ಹೇಗೆ ಕೇಳಿಸ್ತೋ, ಅವರ ಮಾತೂ ಹಾಗೇ ಕೇಳಿಸ್ತಿತ್ತು. ನಾನು ಯಾರನ್ನ ನಂಬಬೇಕಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಪಾಠಕ್ಕೆ ಮೂಲ. ಊರು, ಹೆಸರು ಹೇಳದೆ ಬರೆಯಬಹುದು ಎಂದು ಅವನೂ ಅವನ ತಂದೆಯೂ ಒಪ್ಪಿದ್ದಾರೆ.

೧. ಈ ರೋಗ ಯಾವುದು?

ಇದಕ್ಕೆ ವೈದ್ಯರು ಸ್ಕಿಜೋಫ್ರೇನಿಯಾ ಎನ್ನುತ್ತಾರೆ. ಕನ್ನಡದಲ್ಲಿ ಚಿತ್ತವಿಕಲತೆ ಎಂದು ಕರೆಯುವುದುಂಟು. ಸ್ವಿಟ್ಜರ್‌ಲೆಂಡಿನ ವೈದ್ಯ ಆಯ್ಗನ್ ಬ್ಲಾಯ್ಲರ್ ಎಂಬುವರು ೧೯೦೮ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆಯ ೨೦೨೨ರ ಲೆಕ್ಕದಂತೆ ಪ್ರಪಂಚದಲ್ಲಿ ಸುಮಾರು ೨ ಕೋಟಿ ೪೦ ಲಕ್ಷ ಜನರಿಗೆ, ಎಂದರೆ ಸುಮಾರು ೩೦೦ ಜನರಲ್ಲಿ ಒಬ್ಬರಿಗೆ, ಈ ರೋಗವಿತ್ತು. ಮೂರು ಸಾವಿರ ಜನರಿರುವ ಹಳ್ಳಿಯಲ್ಲಿ ಹತ್ತು ಮಂದಿ ಇರಬಹುದೆಂದಾಯಿತು. ನಮ್ಮ ಊರಿನಲ್ಲಿ ಯಾರೂ ಇಲ್ಲ ಎಂದು ಹೇಳುವವರು ಕದ ಮುಚ್ಚಿದ ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ರೋಗವು ಸಾಮಾನ್ಯವಾಗಿ ಹದಿನೆಂಟು ಇಪ್ಪತ್ತರಿಂದ ಮೂವತ್ತು ವಯಸ್ಸಿನೊಳಗೆ ತಲೆದೋರುತ್ತದೆ. ಗಂಡಸರಲ್ಲಿ ಸ್ವಲ್ಪ ಬೇಗ, ಹೆಂಗಸರಲ್ಲಿ ಸ್ವಲ್ಪ ತಡ. ಮುಖ್ಯ ಲಕ್ಷಣಗಳು ಇವು: ಇಲ್ಲದ ದನಿ ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆ, ಊಟದಲ್ಲಿ ವಿಷ ಬೆರೆಸಿದ್ದಾರೆ ಎಂಬಂಥ ಅನುಮಾನ ಬೇರೂರುವುದು, ಮಾತಿಗೆ ಮಾತು ಕೂಡಿಬರದಿರುವುದು, ಕೆಲಸದಲ್ಲಿ, ಸ್ನಾನದಲ್ಲಿ, ಜನರೊಡನೆ ಬೆರೆಯುವುದರಲ್ಲಿ ಮನಸ್ಸೇ ಇಲ್ಲದಿರುವುದು. ಈ ಕೊನೆಯದನ್ನೇ ನಾವು ಸೋಮಾರಿತನ ಎಂದು ತಪ್ಪು ತಿಳಿಯುತ್ತೇವೆ. ಜ್ವರ ಬಂದವನು ಮಲಗುವುದು ಸೋಮಾರಿತನವಲ್ಲವಷ್ಟೆ? ಇದೂ ಹಾಗೆಯೇ.

ಇದು ಅಂಟುರೋಗವಲ್ಲ. ತಂದೆತಾಯಿ ಸಾಕಿದ್ದು ಸರಿಯಿಲ್ಲದೆ ಬಂದದ್ದೂ ಅಲ್ಲ. ವಂಶದ ಸಂಬಂಧ ಸ್ವಲ್ಪ ಉಂಟು. ತಂದೆಗೋ ತಾಯಿಗೋ ಈ ರೋಗವಿದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಬರಬಹುದು. ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಎಳೆಯ ವಯಸ್ಸಿನಲ್ಲಿ ಗಾಂಜಾ ಸೇದುವವರಿಗೆ ಅಪಾಯ ಹೆಚ್ಚು.

೨. ಆ ದನಿ ಹೇಗಿರುತ್ತದೆ?

ಈ ರೋಗವುಳ್ಳವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಒಂದಲ್ಲ ಒಂದು ಕಾಲದಲ್ಲಿ ದನಿಗಳು ಕೇಳಿಸುತ್ತವೆ. ಅದು ಮನಸ್ಸಿನಲ್ಲಿ ಮೂಡುವ ಯೋಚನೆಯಂತೆ ಇರುವುದಿಲ್ಲ. ಗೋಡೆಯ ಆಚೆಯಿಂದ, ಬೆನ್ನ ಹಿಂದಿನಿಂದ, ಮರದ ಮೇಲಿನಿಂದ, ಕೆಲವರಿಗೆ ತಲೆಯೊಳಗಿನಿಂದಲೇ ಮಾತು ಸ್ಪಷ್ಟವಾಗಿ ಬರುತ್ತದೆ. ಗಂಡಸಿನ ದನಿ, ಹೆಂಗಸಿನ ದನಿ, ಮುದುಕರ ದನಿ, ಮಗುವಿನ ದನಿ ಎಂದು ಬೇರೆ ಬೇರೆಯಾಗಿ ಗುರುತಿಸಬಹುದು. ಅದರಲ್ಲಿ ಕೆಲವು ಬಗೆಗಳುಂಟು.

(ಅ) ಇಬ್ಬರು ಮೂವರು ಕೂಡಿ ರೋಗಿಯ ವಿಷಯವಾಗಿ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವುದು. "ಇವನು ಕೈಲಾಗದವನು" ಎಂದು ಒಬ್ಬರು, "ಇಲ್ಲ ಬಿಡು, ಪಾಪ" ಎಂದು ಇನ್ನೊಬ್ಬರು.

(ಆ) ಮಾಡುತ್ತಿರುವುದನ್ನೆಲ್ಲ ಒಪ್ಪಿಸುತ್ತ ಹೋಗುವುದು. "ಈಗ ಎದ್ದ, ಈಗ ಚೊಂಬು ತೆಗೆದುಕೊಂಡ, ಈಗ ಹಿತ್ತಿಲಿಗೆ ಹೊರಟ" ಎಂದು ಬೆಳಗಿನಿಂದ ಸಂಜೆಯವರೆಗೆ.

(ಇ) ತನ್ನ ಮನಸ್ಸಿನಲ್ಲಿ ಬಂದ ಯೋಚನೆಯೇ ಗಟ್ಟಿಯಾಗಿ ಹೊರಗೆ ಕೇಳಿಸುವುದು. ಆಗ ಊರಿನವರಿಗೆಲ್ಲ ಅದು ಕೇಳಿಸಿತೆಂದು ರೋಗಿ ನಾಚುತ್ತಾನೆ, ಹೆದರುತ್ತಾನೆ, ಮನೆಬಿಟ್ಟು ಹೊರಗೆ ಬರುವುದಿಲ್ಲ.

(ಈ) ಬೈಯುವುದು, ಹೀನಾಯವಾಗಿ ಮಾತನಾಡುವುದು.

(ಉ) ಅಪ್ಪಣೆ ಮಾಡುವುದು. "ಕುಳಿತುಕೊ", "ಉಣ್ಣಬೇಡ", "ಬಾವಿಗೆ ಬೀಳು". ಎಲ್ಲಕ್ಕಿಂತ ಅಪಾಯಕರವಾದದ್ದು ಇದು.

ಕೆಲವು ದನಿಗಳು ಒಳ್ಳೆಯ ಮಾತನ್ನೂ ಆಡುವುದುಂಟು. ಧೈರ್ಯ ಹೇಳುತ್ತವೆ, ನಗಿಸುತ್ತವೆ. ರೋಗಿ ಒಬ್ಬನೇ ನಗುವುದನ್ನು ಕಂಡು ನಾವು ಬೆರಗಾಗುತ್ತೇವೆ. ಯಾರೋ ನಗೆಮಾತು ಆಡಿದ್ದು ಅವನಿಗೆ ಕೇಳಿಸಿರುತ್ತದೆ. ಮಾತು ಮುಗಿಯುವವರೆಗೆ ಅವನು ನಮ್ಮ ಕಡೆ ತಿರುಗುವುದಿಲ್ಲ. ನಾವು ಕರೆದರೆ ತಡವಾಗಿ ಓಗೊಡುತ್ತಾನೆ. ಸಂತೆಯ ನಡುವೆ ನಿಂತು ಲೆಕ್ಕ ಮಾಡಬೇಕಾದರೆ ನಮಗೆ ಎಷ್ಟು ಕಷ್ಟವಾಗುತ್ತದೆ! ಇವರಿಗೆ ಹಗಲೂ ರಾತ್ರಿ ಸಂತೆಯೇ. ಅಂಥ ಗದ್ದಲದಲ್ಲಿ ಒಂದು ಸಾಲು ಉಳುವುದೂ ದೊಡ್ಡ ಕೆಲಸ.

ನಮ್ಮ ಹುಡುಗನಿಗೆ ಎರಡು ದನಿ. ಒಂದು ತೀರಿಹೋದ ದೊಡ್ಡಪ್ಪನದು, ಇನ್ನೊಂದು ಯಾರದೆಂದು ಅವನಿಗೇ ತಿಳಿಯದು. ದೊಡ್ಡಪ್ಪ ಮೊದಲು "ಎತ್ತಿಗೆ ನೀರು ಇಟ್ಟೆಯಾ" ಎಂದು ಕೇಳುತ್ತಿದ್ದರಂತೆ. ಬರಬರುತ್ತ ಎರಡನೆಯ ದನಿಯೇ ಜೋರಾಗಿ, "ನಿನ್ನಿಂದ ಮನೆ ಹಾಳಾಯಿತು, ಕುಡಿದುಬಿಡು" ಎಂದು ಹಿಡಿದುಬಿಟ್ಟಿತು. ನಾನು ನಾಲ್ಕು ಜನರ ಎದುರಿಗೆ ಗದರಿಸಿದ ದಿನ ಆ ದನಿ, "ನೋಡಿದೆಯಾ, ಅವರೂ ಅದನ್ನೇ ಹೇಳಿದರು" ಎಂದಿತಂತೆ. ಇದನ್ನು ಕೇಳಿದಂದಿನಿಂದ ಯಾರನ್ನೂ ಸೋಮಾರಿ ಎನ್ನುವ ಮುಂಚೆ ಎರಡು ಸಲ ಯೋಚಿಸುತ್ತೇನೆ.

೩. ಮೂರು ಊರುಗಳ ಹೋಲಿಕೆ

ದನಿಯು ಎಲ್ಲ ದೇಶದವರಿಗೂ ಒಂದೇ ಬಗೆಯಾಗಿ ಕೇಳಿಸುತ್ತದೆಯೇ? ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಅವರ ಸಂಗಡಿಗರು ಮೂರು ಊರುಗಳಲ್ಲಿ ವಿಚಾರಿಸಿದರು: ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೆಯೊ, ಆಫ್ರಿಕದ ಘಾನಾ ದೇಶದ ಅಕ್ರಾ, ಮತ್ತು ನಮ್ಮ ಪಕ್ಕದ ಚೆನ್ನೈ. ಒಂದೊಂದು ಊರಿನಲ್ಲಿ ೨೦ರಂತೆ ೬೦ ಮಂದಿ ರೋಗಿಗಳ ಎದುರಿಗೆ ಕುಳಿತು, ನಿಮಗೆ ಯಾರ ದನಿ ಕೇಳಿಸುತ್ತದೆ, ಏನು ಹೇಳುತ್ತದೆ ಎಂದು ಕೇಳಿ ಬರೆದುಕೊಂಡರು. ಅದರ ವರದಿ ೨೦೧೫ರಲ್ಲಿ ಅಚ್ಚಾಯಿತು.

ಅಮೆರಿಕದವರಲ್ಲಿ ಹೆಚ್ಚಿನವರು ಹಿಂಸೆಯ ಮಾತುಗಳನ್ನು ಕೇಳುತ್ತಿದ್ದರು. ದನಿಯೆಂದರೆ ಮಿದುಳು ಕೆಟ್ಟುದರ ಗುರುತು, ಹೇಳದೆ ಕೇಳದೆ ತಲೆಯೊಳಗೆ ನುಗ್ಗಿದ ಅಪರಿಚಿತ ಎಂದು ಅವರ ಭಾವನೆ. ಅಕ್ರಾದವರಲ್ಲಿ ಬಹುಮಂದಿ ದೇವರ ದನಿ ಕೇಳಿಸುತ್ತದೆ ಎಂದರು. ಅರ್ಧದಷ್ಟು ಜನ ಒಟ್ಟಿನಲ್ಲಿ ಅದು ಒಳ್ಳೆಯ ಅನುಭವವೇ ಎಂದರು. ಚೆನ್ನೈಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೇಳಿಸಿದ್ದು ತಮ್ಮ ಮನೆಯವರ, ನೆಂಟರಿಷ್ಟರ ದನಿ. ಅಡಿಗೆ ಮಾಡು, ಮನೆ ಗುಡಿಸು, ಸ್ನಾನ ಮಾಡು ಎಂದು ಹಿರಿಯರು ಕಿರಿಯರಿಗೆ ಹೇಳುವಂತೆ ಅವು ಹೇಳುತ್ತಿದ್ದವು. ಬೈದರೂ ಮನೆಯವರು ಬೈದಂತೆ.

ಇದರಿಂದ ಚೆನ್ನೈಯವರ ರೋಗ ಹಗುರವೆಂದು ತಿಳಿಯಬಾರದು. ಅಲ್ಲಿಯೂ ಭಯಂಕರ ದನಿಗಳನ್ನು ಕೇಳಿ ನರಳಿದವರಿದ್ದರು. ಆದರೆ ಒಂದು ಮಾತು ತಿಳಿದುಬರುತ್ತದೆ. ಬೀಜ ಒಂದೇ ಆದರೂ ಕೆಮ್ಮಣ್ಣಿನಲ್ಲಿ ಒಂದು ಬಗೆ, ಎರೆಮಣ್ಣಿನಲ್ಲಿ ಇನ್ನೊಂದು ಬಗೆ ಬೆಳೆಯುವಂತೆ, ದನಿಯೂ ರೋಗಿ ಬದುಕಿದ ಬಾಳಿನಿಂದ ತನ್ನ ಮಾತನ್ನು ತೆಗೆದುಕೊಳ್ಳುತ್ತದೆ. ನಮ್ಮ ಹುಡುಗನಿಗೆ ದೊಡ್ಡಪ್ಪ ಎತ್ತಿನ ನೀರಿನ ಮಾತೆತ್ತಿದ್ದು ಏಕೆಂದು ಈಗ ಊಹಿಸಬಹುದು. ಆದುದರಿಂದ ರೋಗಿಯ ಸುತ್ತಲಿನವರು ಆಡುವ ಮಾತು ವ್ಯರ್ಥವಾಗಿ ಗಾಳಿಗೆ ಹೋಗುತ್ತದೆಂದು ಯಾರೂ ತಿಳಿಯತಕ್ಕದ್ದಲ್ಲ.

೪. ದನಿ ಎಲ್ಲಿಂದ ಬರುತ್ತದೆ?

ನಾವೆಲ್ಲರೂ ದಿನವಿಡೀ ಮನಸ್ಸಿನಲ್ಲೇ ಮಾತನಾಡಿಕೊಳ್ಳುತ್ತೇವೆ. "ನಾಳೆ ಸೊಸೈಟಿಗೆ ಹೋಗಬೇಕು, ಗೊಬ್ಬರ ಬಂದಿದೆಯೋ ಇಲ್ಲವೋ." ಈ ಮಾತು ನನ್ನದೇ ಎಂದು ನಮಗೆ ತಿಳಿದಿರುತ್ತದೆ. ಹೇಗೆ ತಿಳಿಯುತ್ತದೆ? ಮಿದುಳು ತಾನು ಹೊರಡಿಸಿದ ಮಾತಿಗೆ "ಇದು ನನ್ನದು" ಎಂಬ ಗುರುತನ್ನು ಹಾಕಿಯೇ ಕಳಿಸುತ್ತದೆ ಎಂಬುದಾಗಿ ವಿಜ್ಞಾನಿಗಳು ವಿವರಿಸುತ್ತಾರೆ.

ಊರ ಮಂದೆಯಲ್ಲಿ ನಮ್ಮ ದನವನ್ನು ಅದರ ಗುರುತಿನಿಂದ ತಿಳಿಯುತ್ತೇವೆ. ಗುರುತು ಅಳಿಸಿಹೋಗಿದ್ದರೆ ಕತ್ತಲೆಯಲ್ಲಿ ನಮ್ಮ ದನವೇ ನಮ್ಮ ಹಿತ್ತಿಲಿಗೆ ಬಂದರೂ ಯಾರದೋ ದನ ನುಗ್ಗಿತೆಂದು ಕೋಲು ಹಿಡಿದು ಏಳುತ್ತೇವೆ. ಈ ರೋಗದಲ್ಲಿ ಆಗುವುದು ಸುಮಾರಾಗಿ ಹೀಗೆಯೇ. ಒಳಗಿನ ಮಾತಿಗೆ ಗುರುತು ಬೀಳದೆ ಅದು ಹೊರಗಿನವರ ಮಾತಾಗಿ ಕೇಳಿಸುತ್ತದೆ.

ಇದಕ್ಕೆ ಸಾಕ್ಷ್ಯವುಂಟು. ಮಿದುಳಿನ ಎಡಭಾಗದಲ್ಲಿ ಮಾತನ್ನು ಹೊರಡಿಸುವ ಒಂದು ಕ್ಷೇತ್ರವಿದೆ. ೧೮೬೧ರಲ್ಲಿ ಅದನ್ನು ಗುರುತಿಸಿದ ಫ್ರಾನ್ಸಿನ ವೈದ್ಯರ ಹೆಸರಿನಿಂದ ಅದಕ್ಕೆ ಬ್ರೋಕಾ ಕ್ಷೇತ್ರವೆನ್ನುತ್ತಾರೆ. ದನಿ ಕೇಳಿಸುತ್ತಿರುವಾಗಲೇ ರೋಗಿಗಳ ಮಿದುಳನ್ನು ಲಂಡನ್ನಿನ ವೈದ್ಯರು ಪರೀಕ್ಷಿಸಿದಾಗ ಆ ಕ್ಷೇತ್ರದಲ್ಲಿಯೇ ರಕ್ತದ ಓಟ ಹೆಚ್ಚಿತ್ತೆಂದು ೧೯೯೩ರಲ್ಲಿ ತಿಳಿದುಬಂದಿತು. ಎಂದರೆ ಕೇಳುತ್ತಿದ್ದೇನೆ ಎಂದು ರೋಗಿ ಹೇಳುವಾಗ ಅವನ ಮಿದುಳು ಮಾತನಾಡುತ್ತಿತ್ತು.

ಇನ್ನೊಂದು ಸಾಕ್ಷ್ಯವನ್ನು ಮನೆಯಲ್ಲಿ ಮಕ್ಕಳೊಡನೆ ಅರ್ಧ ಪರೀಕ್ಷಿಸಿ ನೋಡಬಹುದು. ಬೇರೆಯವರು ಕಚಗುಳಿ ಇಟ್ಟರೆ ನಗು ಬರುತ್ತದೆ. ನಮಗೆ ನಾವೇ ಇಟ್ಟುಕೊಂಡರೆ ಬರುವುದಿಲ್ಲ. ನಮ್ಮ ಕೈ ಎಂಬುದು ಮಿದುಳಿಗೆ ಮೊದಲೇ ಗೊತ್ತು. ಸಾರಾ ಜೇನ್ ಬ್ಲೇಕ್‌ಮೋರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ೨೦೦೦ದಲ್ಲಿ ತೋರಿಸಿದ್ದೇನೆಂದರೆ, ದನಿ ಕೇಳಿಸುವ ರೋಗಿಗಳಿಗೆ ತಮ್ಮ ಅಂಗೈಯನ್ನು ತಾವೇ ಸವರಿಕೊಂಡದ್ದಕ್ಕೂ ಇತರರು ಸವರಿದ್ದಕ್ಕೂ ಹೆಚ್ಚು ವ್ಯತ್ಯಾಸ ತೋರಲಿಲ್ಲ. "ಇದು ನನ್ನದು" ಎಂಬ ಗುರುತೇ ಸಡಿಲವಾಗಿತ್ತು.

ಹೀಗಿರುವಲ್ಲಿ ರೋಗಿ ಸುಳ್ಳು ಹೇಳುತ್ತಾನೆಂಬುದು ತಪ್ಪು. ಅವನಿಗೆ ನಿಜವಾಗಿಯೂ ಕೇಳಿಸುತ್ತದೆ. ಮಾತನಾಡಿದವರು ಹೊರಗೆ ಇಲ್ಲ ಎಂಬುದೂ ನಿಜ. ಈ ಎರಡು ನಿಜಗಳನ್ನೂ ಒಟ್ಟಿಗೆ ಹಿಡಿದುಕೊಂಡರೆ ರೋಗಿಯೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

೫. ದನಿ ಕೇಳಿಸಿದವರೆಲ್ಲರೂ ಈ ರೋಗಿಗಳೇ?

ಅಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಕೆಲವು ದಿನ ಅವರ ದನಿ ಕೇಳಿಸಿದಂತಾಗಬಹುದು. ನಿದ್ರೆ ಹತ್ತುವಾಗ ಯಾರೋ ಹೆಸರು ಹಿಡಿದು ಕರೆದಂತಾಗುವುದು ಅನೇಕರ ಅನುಭವ. ಹಬ್ಬದಲ್ಲಿ ಮೈಮೇಲೆ ದೇವರು ಬಂದವರು ಮರುದಿನ ಎಂದಿನಂತೆ ಹೊಲಕ್ಕೆ ಹೋಗುತ್ತಾರೆ. ಇವುಗಳಲ್ಲಿ ಯಾವುದನ್ನೂ ರೋಗವೆಂದು ಹೆಸರಿಡಬೇಕಾಗಿಲ್ಲ.

ಬೇರೆ ಕಾರಣಗಳಿಂದಲೂ ದನಿ ಕೇಳಿಸುವುದುಂಟು. ಬಹಳ ಕುಡಿಯುವವರು ಒಮ್ಮೆಗೇ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಗಿ, ಇಲ್ಲದ್ದು ಕಂಡು, ಕೇಳಿಸಬಹುದು. ಜ್ವರ ತಲೆಗೇರಿದಾಗ, ದತ್ತೂರಿ ಬೀಜ ಹೊಟ್ಟೆಗೆ ಹೋದಾಗ, ಕೆಲವು ಬಗೆಯ ಮೂರ್ಛೆರೋಗದಲ್ಲಿ ಇಂಥ ಭ್ರಮೆಗಳಾಗುತ್ತವೆ. ಕುಡಿತ ಬಿಟ್ಟಾಗ, ಜ್ವರದಲ್ಲಿ ಅಥವಾ ವಿಷ ಸೇರಿದಾಗ ಹೀಗಾದರೆ ಪ್ರಾಣಕ್ಕೇ ಅಪಾಯ; ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಯಾವುದು ಯಾವುದೆಂದು ತೀರ್ಮಾನಿಸುವುದು ವೈದ್ಯರ ಕೆಲಸ. ವಾರಗಟ್ಟಲೆ ದನಿ ಕೇಳಿಸಿ, ನಿದ್ರೆ ಕೆಟ್ಟು, ಕೆಲಸ ಕೆಟ್ಟರೆ ತೋರಿಸಲೇಬೇಕು ಎಂಬಷ್ಟು ನಮಗೆ ತಿಳಿದಿದ್ದರೆ ಸಾಕು.

೬. ಚಿಕಿತ್ಸೆ

ಇದರ ಚರಿತ್ರೆಯಲ್ಲಿ ನಮ್ಮ ದೇಶದ ಒಂದು ಬೇರಿನ ಕಥೆಯುಂಟು. ೧೯೩೧ರಲ್ಲಿ ಕಲಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯುಕ್ತವೆಂದು ಪ್ರಕಟಿಸಿದರು. ೧೯೫೦ರ ದಶಕದಲ್ಲಿ ಅದರ ಸಾರವಾದ ರಿಸರ್ಪಿನ್ ಎಂಬ ಔಷಧವನ್ನು ಪರದೇಶದ ಆಸ್ಪತ್ರೆಗಳೂ ಈ ರೋಗಕ್ಕೆ ಬಳಸಿದವು. ಅದು ರಕ್ತದ ಒತ್ತಡವನ್ನು ಅತಿಯಾಗಿ ಇಳಿಸುವುದರಿಂದಲೂ ಮಂಕು ಕವಿಸುವುದರಿಂದಲೂ ಮುಂದೆ ಹಿಂದೆ ಬಿದ್ದಿತು. ಆದುದರಿಂದ ಯಾರೂ ಮನೆಯಲ್ಲಿ ಆ ಬೇರನ್ನು ತೇಯ್ದು ಕೊಡಬಾರದು. ೧೯೫೨ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡೆಲೇ ಮತ್ತು ಡೆನಿಕರ್ ಅವರು ಕ್ಲೋರ್‌ಪ್ರೊಮಜಿನ್ ಎಂಬ ಔಷಧದಿಂದ ಗುಣ ಕಂಡುದನ್ನು ತಿಳಿಸಿದರು. ಅಲ್ಲಿಂದ ಮುಂದೆ ಅನೇಕ ಔಷಧಗಳು ಬಂದಿವೆ.

ಈ ಔಷಧಗಳಿಂದ ಬಹುಮಂದಿಗೆ ಕೆಲವು ವಾರಗಳಲ್ಲಿ ದನಿ ತಗ್ಗುತ್ತದೆ. ಒಮ್ಮೆಗೇ ನಿಲ್ಲುವುದಿಲ್ಲ. "ಮೊದಲು ಎದೆಯ ಮೇಲೆ ಕೂತು ಕೂಗ್ತಿದ್ರು ಸಾರ್. ಆಮೇಲೆ ಪಕ್ಕದ ಮನೆಯಿಂದ ಬಂದ ಹಾಗಾಯ್ತು. ಆಮೇಲೆ ಊರಾಚೆ ಯಾರೋ ಮಾತಾಡಿದ ಹಾಗೆ" ಎಂದು ನಮ್ಮ ಹುಡುಗ ಹೇಳಿದ. ನಿದ್ರೆಗೆಟ್ಟ ದಿನ ಈಗಲೂ ಒಂದೆರಡು ಮಾತು ಕೇಳಿಸುವುದುಂಟು. ಆದರೆ ಅದು ರೋಗದ ಮಾತೆಂದು ಅವನಿಗೆ ಗೊತ್ತು.

ಕೆಲವರಿಗೆ ಮೊದಲು ಕೊಟ್ಟ ಔಷಧ ನಾಟದಿರಬಹುದು. ಅಂಥವರಿಗೆ ಕ್ಲೋಜಪಿನ್ ಎಂಬ ಔಷಧವನ್ನು ರಕ್ತಪರೀಕ್ಷೆ ಮಾಡಿಸುತ್ತ ಕೊಡುತ್ತಾರೆ. ದಿನವೂ ಗುಳಿಗೆ ನುಂಗಲು ಒಪ್ಪದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಸೂಜಿಮದ್ದು ಉಂಟು. ಔಷಧದಿಂದ ಕೈನಡುಕ, ಮೈಬಿಗಿತ, ಹೆಚ್ಚು ನಿದ್ರೆ, ಜೊಲ್ಲು ಸುರಿಯುವುದು, ತೂಕ ಹೆಚ್ಚುವುದು ಮುಂತಾದ ತೊಂದರೆಗಳಾಗಬಹುದು. ಅದನ್ನು ವೈದ್ಯರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ, ಬೇರೆ ಔಷಧ ಕೊಡುತ್ತಾರೆ. ನಾವಾಗಿಯೇ ಬಿಡಿಸತಕ್ಕದ್ದಲ್ಲ.

ನಮ್ಮ ಹುಡುಗನ ಮನೆಯಲ್ಲಿ ಆದದ್ದೂ ಇದೇ. ನಾಲ್ಕು ತಿಂಗಳಲ್ಲಿ ಗುಣ ಕಂಡಿತೆಂದು ಗುಳಿಗೆ ನಿಲ್ಲಿಸಿದರು. ಸುಗ್ಗಿಯ ಹೊತ್ತಿಗೆ ದನಿಗಳು ಹಿಂತಿರುಗಿದವು. ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಪೈರು ಹಸಿರಾಗಿ ಕಂಡಿತೆಂದು ತೆನೆ ಕಟ್ಟುವ ಮುಂಚೆ ನೀರು ನಿಲ್ಲಿಸುತ್ತೇವೆಯೇ? ಔಷಧ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದು ಬಹಳ ಹೆಚ್ಚು. ಎಷ್ಟು ಕಾಲ ಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಔಷಧದ ಜೊತೆಗೆ ರೋಗಿಗಳು ತಾವೇ ಕಂಡುಕೊಂಡ ಉಪಾಯಗಳೂ ಇವೆ. ಮೆಲ್ಲಗೆ ಹಾಡು ಗುನುಗುವುದು, ಗಟ್ಟಿಯಾಗಿ ಓದುವುದು, ರೇಡಿಯೋ ಕೇಳುವುದು, ಇನ್ನೊಬ್ಬರೊಡನೆ ಮಾತಿಗೆ ತೊಡಗುವುದು, ಇವುಗಳಿಂದ ಕೆಲವರಿಗೆ ದನಿ ತಗ್ಗುತ್ತದೆ. ಬಾಯಿ ಬೇರೆ ಮಾತಿನಲ್ಲಿ ತೊಡಗಿದಾಗ ಒಳಗಿನ ಮಾತಿಗೆ ಎಡೆ ಕಡಿಮೆ. ನಮ್ಮ ಹುಡುಗ ಉಳುವಾಗ ಪದ ಹೇಳುತ್ತಾನೆ. ಮೊದಲು ನಕ್ಕವರು ಈಗ ಜೊತೆಗೆ ದನಿಗೂಡಿಸುತ್ತಾರೆ. ನೆದರ್‌ಲ್ಯಾಂಡ್ಸಿನ ಮನೋವೈದ್ಯ ಮಾರಿಯಸ್ ರೊಮ್ ಅವರು ೧೯೮೭ರಿಂದ ದನಿ ಕೇಳಿಸುವವರನ್ನು ಒಂದುಗೂಡಿಸಿ ಪರಸ್ಪರ ಅನುಭವ ಹೇಳಿಕೊಳ್ಳುವ ಕೂಟಗಳಿಗೆ ದಾರಿ ಮಾಡಿದರು. "ಸಂಜೆ ಏಳರವರೆಗೆ ನನಗೆ ಕೆಲಸವಿದೆ, ಆಮೇಲೆ ಬಾ" ಎಂದು ದನಿಗೆ ವೇಳೆ ಗೊತ್ತುಮಾಡಿ ಅದರ ಕಾಟವನ್ನು ತಗ್ಗಿಸಿಕೊಂಡವರೂ ಉಂಟು.

೭. ಮನೆಯವರು ನಡೆದುಕೊಳ್ಳಬೇಕಾದ ರೀತಿ

(ಅ) "ಅಲ್ಲಿ ಯಾರೂ ಇಲ್ಲ, ಸುಳ್ಳು ಹೇಳಬೇಡ" ಎಂದು ವಾದ ಮಾಡಬೇಡಿ. "ಹೌದು, ನನಗೂ ಕೇಳಿಸಿತು" ಎಂದು ಒಪ್ಪಿದಂತೆ ನಟಿಸಲೂ ಬೇಡಿ. "ನಿನಗೆ ಕೇಳಿಸ್ತಿದೆ, ನನಗೆ ಕೇಳಿಸ್ತಿಲ್ಲ. ಅದರಿಂದ ನಿನಗೆ ಸಂಕಟ ಆಗ್ತಿದೆ ಅಂತ ಗೊತ್ತು. ನಾನು ಇಲ್ಲೇ ಇದ್ದೇನೆ ಮಗ" ಎಂದು ಹೇಳಿ. ಇದರಲ್ಲಿ ಸುಳ್ಳೂ ಇಲ್ಲ, ಜಗಳವೂ ಇಲ್ಲ.

(ಆ) ದನಿ ಏನು ಹೇಳುತ್ತದೆಂದು ಶಾಂತವಾಗಿ ಕೇಳಿ. "ಸಾಯಿ ಅಂತ ಹೇಳುತ್ತಾ?" ಎಂದು ನೇರವಾಗಿಯೇ ಕೇಳಬಹುದು. ಹಾಗೆ ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆ ಹೊರಬರುತ್ತದೆ.

(ಇ) ಒಂದು ಸಲಕ್ಕೆ ಒಂದೇ ಮಾತು, ಚಿಕ್ಕ ಮಾತು ಹೇಳಿ. ಗದ್ದಲದ ನಡುವೆ ಇರುವವನಿಗೆ ಹೇಳುವಂತೆ ಹೇಳಬೇಕು.

(ಈ) ಸದಾ ಟೀಕೆ, ಹಂಗಿಸುವುದು, ಕೂಗಾಟ ಇರುವ ಮನೆಯಲ್ಲಿ ರೋಗ ಬೇಗ ಮರುಕಳಿಸುತ್ತದೆಂದು ಲಂಡನ್ನಿನಲ್ಲಿ ಆರಂಭವಾದ ಸಂಶೋಧನೆಗಳಿಂದ ತಿಳಿದಿದೆ. ರೋಗವನ್ನು ಮನೆಯವರು ತಂದದ್ದಲ್ಲ. ಆದರೆ ಅದು ಮರಳಿ ಬಾರದಂತೆ ನೋಡಿಕೊಳ್ಳುವುದರಲ್ಲಿ ಮನೆಯವರ ಪಾಲು ದೊಡ್ಡದು.

(ಉ) ಕೈಲಾಗುವಷ್ಟು ಕೆಲಸ ಕೊಡಿ. ದನಕ್ಕೆ ಹುಲ್ಲು ಹಾಕುವುದು, ಸಸಿಗೆ ನೀರು ಹಾಕುವುದು ಮೊದಲು, ನೇಗಿಲು ಆಮೇಲೆ.

(ಊ) ಮದುವೆಯೇ ಮದ್ದೆಂದು ತಿಳಿದು ವಿಷಯ ಮುಚ್ಚಿಟ್ಟು ಮದುವೆ ಮಾಡಬೇಡಿ. ಎರಡು ಮನೆಗೂ ನೋವು.

(ಋ) ದೇವರಿಗೆ ಹರಕೆ ಹೊತ್ತುಕೊಂಡಿದ್ದರೆ ತೀರಿಸಿಬನ್ನಿ. ಆದರೆ ಗುಳಿಗೆಯ ಚೀಟಿ ಜೇಬಿನಲ್ಲಿರಲಿ. ಹೊಡೆಯುವುದು, ಬರೆ ಹಾಕುವುದು, ಹೊಗೆ ಕೊಡುವುದು ಕೂಡದು.

(ೠ) ಸರಪಳಿ ಹಾಕಿ ಕಟ್ಟಬೇಡಿ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥ ರೋಗಿಗಳನ್ನು ಇರಿಸಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದವರು ಓಡಲಾರದೆ ೨೮ ಮಂದಿ ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನಸಿಕ ರೋಗಿಯನ್ನು ಯಾವ ವಿಧದಲ್ಲಾಗಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ.

೮. ಕೀಟನಾಶಕದ ಡಬ್ಬಕ್ಕೆ ಬೀಗ

ಈ ಮಾತನ್ನು ವ್ಯವಸಾಯದವನಾಗಿ ನಾನೇ ಹೇಳಬೇಕು. ಈ ರೋಗವುಳ್ಳವರಲ್ಲಿ ನೂರಕ್ಕೆ ಸುಮಾರು ಐದು ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ದನಿ ಒಂದು ಗಳಿಗೆಯಲ್ಲಿ ಅಪ್ಪಣೆ ಮಾಡುತ್ತದೆ. ಕೈಗೆ ವಿಷ ಸಿಕ್ಕದಿದ್ದರೆ ಆ ಗಳಿಗೆ ಕಳೆದುಹೋಗುತ್ತದೆ. ಗಳಿಗೆ ಕಳೆದರೆ ಜೀವ ಉಳಿಯುತ್ತದೆ.

ಆದುದರಿಂದ ಬೆಳೆಗೆ ಬೇಕಾದಷ್ಟೇ ಔಷಧ ಕೊಳ್ಳಿ. ಮನೆಗೆ ತಂದು ಅಟ್ಟದ ಮೇಲೆ, ಕೊಟ್ಟಿಗೆಯ ಗೂಡಿನಲ್ಲಿ ಇಡಬೇಡಿ. ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಒಬ್ಬರೇ ಹಿರಿಯರು ಇಟ್ಟುಕೊಳ್ಳಿ. ಕಳೆನಾಶಕಕ್ಕೂ ಇಲಿಪಾಷಾಣಕ್ಕೂ ಇದೇ ನಿಯಮ. ರೋಗಿಯ ಗುಳಿಗೆಗಳನ್ನೂ ಮನೆಯವರೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಬೇಕು. ರೋಗಿಯಿಲ್ಲದ ಮನೆಯಲ್ಲಿಯೂ ಮಕ್ಕಳಿದ್ದಾರೆ, ಸಿಟ್ಟಿನ ಗಳಿಗೆಗಳಿವೆ. ಆದುದರಿಂದ ಇದು ಎಲ್ಲರಿಗೂ ಸಲ್ಲುವ ಮಾತು.

೯. ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ಕೇಳಿ. ಹಳ್ಳಿಯಲ್ಲೇ ಈ ರೋಗಕ್ಕೆ ಚಿಕಿತ್ಸೆ ಕೊಡಬಹುದೆಂಬುದನ್ನು ದೇಶಕ್ಕೆ ತೋರಿಸಿದ್ದು ನಮ್ಮ ನಾಡೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತು ಕೊಟ್ಟು ನಡೆಸಿದ ಪ್ರಯೋಗವೇ, ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇದೇ ಸಂಸ್ಥೆಯವರು ನಡೆಸಿದ ಅಧ್ಯಯನದಲ್ಲಿ, ಔಷಧ ತೆಗೆದುಕೊಂಡವರ ಅಶಕ್ತತೆ ಒಂದು ವರ್ಷದಲ್ಲಿ ತಗ್ಗಿತ್ತು. ತೆಗೆದುಕೊಳ್ಳದವರು ಇದ್ದಂತೆಯೇ ಇದ್ದರು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆಂದು ವಿಚಾರಿಸಿಕೊಂಡು ಹೋಗಿ.

೨೦೨೨ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭವಾಗಿದೆ. ಸಂಖ್ಯೆ ೧೪೪೧೬ (ಒಂದು, ನಾಲ್ಕು, ನಾಲ್ಕು, ಒಂದು, ಆರು). ಹಗಲು ರಾತ್ರಿ ಯಾವ ಹೊತ್ತಿನಲ್ಲಿಯಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಗೋಡೆಯ ಮೇಲೆ ಮಸಿಯಿಂದ ಬರೆದಿಡಿ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ. ರೋಗ ತಲೆದೋರಿದ ಮೊದಲ ತಿಂಗಳುಗಳಲ್ಲೇ ತೋರಿಸಿದರೆ ಗುಣದ ಆಸೆ ಹೆಚ್ಚು. ನಮ್ಮ ಹುಡುಗನ ವಿಷಯದಲ್ಲಿ ಒಂದು ವರ್ಷ ವ್ಯರ್ಥವಾಯಿತು. ಅದರಲ್ಲಿ ನನ್ನ ಪಾಲೂ ಇದೆ. ಈ ಸಲದ ಮುಂಗಾರಿನಲ್ಲಿ ಅವನ ಗದ್ದೆಗೆ ಹೋಗಿದ್ದೆ. ಸಾಲು ಮೊದಲಿನಷ್ಟು ನೇರವಿರಲಿಲ್ಲ. ಆದರೂ ನಾಟಿ ಮುಗಿದಿತ್ತು. ಅವನ ತಾಯಿ ಮಜ್ಜಿಗೆ ಕೊಟ್ಟು, "ಪೆಟ್ಟಿಗೆಗೆ ಬೀಗ ಹಾಕಿದೀವಿ ಸ್ವಾಮಿ, ನೋಡಿ" ಎಂದು ಸೊಂಟದಲ್ಲಿದ್ದ ಬೀಗದ ಕೈ ತೋರಿಸಿದರು.

ಸಂಜೆ ಚಾವಡಿಯಲ್ಲಿ ಚರ್ಚಿಸಲು ಪ್ರಶ್ನೆಗಳು

೧. ರೋಗಿಗೆ ದನಿ ಕೇಳಿಸುವುದು ಸುಳ್ಳಲ್ಲ ಎಂಬುದಕ್ಕೆ ಯಾವ ಸಾಕ್ಷ್ಯಗಳಿವೆ?
೨. "ನನಗೆ ಯಾರೋ ಬೈಯುತ್ತಿದ್ದಾರೆ" ಎಂದು ಮಗ ಹೇಳಿದರೆ ನೀವು ಏನೆಂದು ಉತ್ತರ ಕೊಡುವಿರಿ?
೩. ಗುಣ ಕಂಡ ಮೇಲೆಯೂ ಗುಳಿಗೆ ಏಕೆ ಮುಂದುವರಿಸಬೇಕು?
೪. ನಿಮ್ಮ ಮನೆಯಲ್ಲಿ ಕೀಟನಾಶಕ ಈಗ ಎಲ್ಲಿದೆ? ಬೀಗದ ಕೈ ಯಾರ ಹತ್ತಿರವಿದೆ?

ನಾಲ್ಕನೆಯ ಪ್ರಶ್ನೆಗೆ ಚಾವಡಿಯಲ್ಲಿ ಉತ್ತರ ಹೇಳಬೇಕಾಗಿಲ್ಲ. ಮನೆಗೆ ಹೋಗಿ ನೋಡಿದರೆ ಸಾಕು.